ಕೊಟ್ಟಿಗೆಯ ವೈರಿನಲ್ಲಿ ಕಿಡಿ: ಎಂಸಿಬಿ ಬೀಳದಿದ್ದರೂ ಅಪಾಯ

ತಾಯಂದಿರೇ, ಮೇವು ಕತ್ತರಿಸುವ ಯಂತ್ರ ಓಡುವಾಗ ಪ್ಲಗ್ಗಿನೊಳಗಿಂದ ಚರಚರ ಸದ್ದು ಬರುತ್ತದೆಯೇ? ಸ್ವಲ್ಪ ಅಲುಗಾಡಿಸಿದರೆ ಸರಿಹೋಗುತ್ತದೆ ಎಂದು ಹಾಗೇ ಬಿಟ್ಟಿದ್ದೀರಾ? ಹಾಗಾದರೆ ಇದನ್ನು ಓದಿ.

ಆ ಸದ್ದು ಕಿಡಿಯದು. ಸಡಿಲವಾದ ಸ್ಕ್ರೂ, ಒಳಗೆ ಎಳೆ ತುಂಡಾದ ವೈರು, ಕೈಯಲ್ಲಿ ಹೊಸೆದು ಟೇಪು ಸುತ್ತಿದ ಜಾಯಿಂಟು, ಇಲ್ಲೆಲ್ಲ ಕರೆಂಟು ಕೂದಲೆಳೆಯಷ್ಟು ಸಂದನ್ನು ಹಾರಿ ದಾಟುತ್ತದೆ. ಹಾಗೆ ಹಾರುವ ಜಾಗದಲ್ಲಿ ಶಾಖ ಸಾವಿರಾರು ಡಿಗ್ರಿಗೆ ಏರುತ್ತದೆ. ವೈರಿನ ಹೊದಿಕೆ ಸುಟ್ಟು ಕರಿಯಾಗುತ್ತದೆ. ಆ ಕರಿಯ ಮೂಲಕವೂ ಕರೆಂಟು ಹರಿಯುವುದರಿಂದ ಕಿಡಿ ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಪಕ್ಕದಲ್ಲೇ ಒಣಹುಲ್ಲು ಇದ್ದರೆ ಬೆಂಕಿಗೆ ಅಷ್ಟೇ ಸಾಕು, ರಾಸುಗಳು ಕಟ್ಟಿದ ಹಗ್ಗದಲ್ಲೇ ಇರುತ್ತವೆ.

"ಎಂಸಿಬಿ ಹಾಕಿಸಿದ್ದೇವಲ್ಲ" ಎನ್ನುತ್ತೀರಿ. ಎಂಸಿಬಿ ನೋಡುವುದು ಕರೆಂಟು ಮಿತಿ ಮೀರಿತೇ ಎಂಬುದನ್ನು ಮಾತ್ರ. ಸಡಿಲ ಜಾಗದ ಕಿಡಿಯಲ್ಲಿ ಮೋಟರು ಎಳೆಯುವುದಕ್ಕಿಂತ ಹೆಚ್ಚು ಕರೆಂಟು ಹರಿಯುವುದಿಲ್ಲ, ಹಾಗಾಗಿ ಅದು ಬೀಳುವುದಿಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ನೆಲಕ್ಕೆ ಸೋರುವ ಕರೆಂಟನ್ನು ಹಿಡಿಯುತ್ತದೆ. ಒದ್ದೆ ನೆಲದ ಮೇಲೆ ನಿಂತ ನಿಮಗೂ ಹಸುವಿಗೂ ಅದು ಬೇಕೇ ಬೇಕು. ಆದರೆ ಸೋರಿಕೆಯಿಲ್ಲದ ಕಿಡಿ ಅದಕ್ಕೂ ತಿಳಿಯದು. ಅದನ್ನು ನಿಮ್ಮ ಕಿವಿ, ಮೂಗು, ಕೈಯೇ ಪತ್ತೆಹಚ್ಚಬೇಕು.

ಮನೆಯ ವೈರಿಗಿಂತ ಕೊಟ್ಟಿಗೆಯದು ಬೇಗ ಕೆಡುತ್ತದೆ. ಗಂಜಲದಿಂದ ಏಳುವ ಅಮೋನಿಯ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಯಂತ್ರದ ಅದುರಿಗೆ ಸ್ಕ್ರೂ ಸಡಿಲವಾಗುತ್ತದೆ. ಇಲಿಯ ಹಲ್ಲು, ಹಸುವಿನ ಗೊರಸು ಬೇರೆ!

ತಿಂಗಳಿಗೊಮ್ಮೆ ಹೀಗೆ ಮಾಡಿ. ಯಂತ್ರ ಸ್ವಲ್ಪ ಹೊತ್ತು ಓಡಿದ ಮೇಲೆ ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್ ಮುಟ್ಟಿ ನೋಡಿ. ಹಿಡಿಯಲಾಗದಷ್ಟು ಬಿಸಿ, ಪಿನ್ನಿನ ಸುತ್ತ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಇವುಗಳಲ್ಲಿ ಒಂದು ಕಂಡರೂ ಯಂತ್ರ ನಿಲ್ಲಿಸಿ.

2 ಎಚ್‌ಪಿ ಮೋಟರು ಚಾಲು ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅದಕ್ಕೆ ಟಿವಿಗೆ ಬಳಸುವ 6 ಆಂಪಿಯರ್ ಪ್ಲಗ್ಗಾಗಲಿ, ಎಕ್ಸ್‌ಟೆನ್ಷನ್ ಬಾಕ್ಸಾಗಲಿ ತಡೆಯದು. 16 ಆಂಪಿಯರಿನ ಮೂರು ಪಿನ್ನಿನ ಪ್ಲಗ್, 2.5 ಚದರ ಮಿ.ಮೀ.ನ ಮೂರೆಳೆ ತಾಮ್ರದ ವೈರು ಹಾಕಿಸಿ. ವೈರು ಗೋಡೆಯಿಂದ ಯಂತ್ರದವರೆಗೆ ಜಾಯಿಂಟಿಲ್ಲದೆ ಒಂದೇ ತುಂಡಾಗಿರಲಿ, ಹಸುವಿಗೆ ಎಟುಕದಷ್ಟು ಎತ್ತರದಲ್ಲಿ ಹೋಗಲಿ. ಪ್ಲಗ್ ತೆಗೆಯುವ ಮುಂಚೆ ಸ್ವಿಚ್ ಆರಿಸಿ, ವೈರು ಹಿಡಿದು ಎಳೆಯಬೇಡಿ. ಮಕ್ಕಳಿಗೂ ಇದನ್ನು ಹೇಳಿಕೊಡಿ.

ಕಿಡಿ ಹತ್ತಿಕೊಂಡರೆ ನೀರೆರಚಬೇಡಿ. ಮೊದಲು ಮೇನ್ ಸ್ವಿಚ್ ಇಳಿಸಿ, ಆಮೇಲೆ ಒಣ ಮರಳು ಸುರಿಯಿರಿ. ರಿಪೇರಿಗೆ ಬಂದವರು ಪ್ಲಗ್ ಮಾತ್ರ ಬದಲಿಸಿ ಹೊರಟರೆ ನಿಲ್ಲಿಸಿ ಕೇಳಿ: ಸುಟ್ಟ ಸಾಕೆಟ್ಟಿನ ಹಿಡಿತ ಸಡಿಲವಾಗಿರುವುದರಿಂದ ಹೊಸ ಪ್ಲಗ್ಗೂ ಸುಡುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.