ಪರಿಸರ ಇಂಜಿನಿಯರಿಂಗ್ ಓದು: ಸಾಲದ ಕಂತು ಮತ್ತು ಮೊದಲ ಸಂಬಳ



ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬರುವವರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ಈ ಕೋರ್ಸಿಗೆ ಮುಂದೆ ಕೆಲಸ ಇದೆಯಾ ಸರ್?" ಇದು ಅರ್ಧ ಪ್ರಶ್ನೆ. ಉಳಿದ ಅರ್ಧ, "ಓದಿಗಾಗಿ ಮಾಡಿದ ಸಾಲವನ್ನು ಆ ಕೆಲಸ ತೀರಿಸುತ್ತದೆಯೇ?" ಎಂಬುದು. ಪರಿಸರ ಇಂಜಿನಿಯರಿಂಗ್ ಪದವಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಎರಡನ್ನೂ ನೋಡೋಣ.

ಕೆಲಸ ಇದೆಯೇ?

ಇದೆ. 1980ರ ದಶಕದಲ್ಲಿ ಕುಮಾರಪಟ್ಟಣಂ ಬಳಿ ತುಂಗಭದ್ರೆಗೆ ಸೇರುತ್ತಿದ್ದ ಕಾರ್ಖಾನೆಯ ನೀರಿನ ವಿರುದ್ಧ ಹೊಳೆದಂಡೆಯ ಹಳ್ಳಿಗಳವರು ಹೋರಾಡಿದ್ದನ್ನು ನಮ್ಮ ಹಿರಿಯರು ಮರೆತಿಲ್ಲ. 1974ರ ಜಲ ಕಾಯ್ದೆಯ ಪ್ರಕಾರ ಕಾರ್ಖಾನೆಗಳು ನೀರನ್ನು ಶುದ್ಧಮಾಡಿಯೇ ಹೊರಬಿಡಬೇಕು. ಆ ಘಟಕಗಳನ್ನು ರೂಪಿಸುವುದು, ನಡೆಸುವುದು, ತಪಾಸಣೆ ಮಾಡುವುದು ಈ ಇಂಜಿನಿಯರುಗಳ ಕೆಲಸ. ಸಕ್ಕರೆ ಕಾರ್ಖಾನೆ, ಔಷಧ ಕಾರ್ಖಾನೆ, ಊರಿನ ಒಳಚರಂಡಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳು, ಎಲ್ಲ ಕಡೆ ಇವರು ಬೇಕು. ಆದರೆ ಮೊದಲ ಸಂಬಳವನ್ನು ಸಾಫ್ಟ್‌ವೇರ್ ಕಂಪನಿಯ ಸಂಬಳಕ್ಕೆ ಹೋಲಿಸಿ ಸಾಲ ಮಾಡಬೇಡಿ.

ಸಾಲ ತೀರುತ್ತದೆಯೇ?

ಕಾಗದ, ಪೆನ್ನು ತೆಗೆದುಕೊಳ್ಳಿ. ವರ್ಷದ ಆರಂಭಕ್ಕೆ 1 ಲಕ್ಷದಂತೆ 4 ವರ್ಷ ಬ್ಯಾಂಕಿನಿಂದ ಸಾಲ ತೆಗೆದಿರಿ, ಬಡ್ಡಿ ಶೇ. 10 ಎಂದು ಇಟ್ಟುಕೊಳ್ಳಿ. ಓದಿನ 4 ವರ್ಷ ಮತ್ತು ಆಮೇಲಿನ 1 ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ಲಕ್ಷಕ್ಕೆ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20, ಒಟ್ಟು 1 ಲಕ್ಷ 40 ಸಾವಿರ. ಕಂತು ಶುರುವಾಗುವ ದಿನ ಸಾಲ 5 ಲಕ್ಷ 40 ಸಾವಿರ.

ಇದನ್ನು 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,136 ರೂಪಾಯಿ ಬೇಕು. ಒಟ್ಟು ಕಟ್ಟುವುದು 8.56 ಲಕ್ಷ. 15 ವರ್ಷಕ್ಕೆ ಹಂಚಿದರೆ ಕಂತು 5,803ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ 10.45 ಲಕ್ಷಕ್ಕೆ ಏರುತ್ತದೆ. ಸಣ್ಣ ಕಂತು ಎಂದರೆ ಸಣ್ಣ ಸಾಲ ಅಲ್ಲ.

ಈಗ ಸಂಬಳ. ಲೆಕ್ಕಕ್ಕೆ 20,000 ಎಂದುಕೊಳ್ಳೋಣ. ಬೆಂಗಳೂರಿನಲ್ಲಿ ಪಿಜಿ, ಊಟ, ಬಸ್ಸಿಗೆ 12,000 ಹೋದರೆ ಉಳಿಯುವುದು 8,000. ಕಂತು ಕಟ್ಟಿದ ಮೇಲೆ 864 ರೂಪಾಯಿ! ಮನೆಗೆ ಏನು ಕಳಿಸುವುದು? ಕೆಲಸ ತಡವಾದರೆ ಬ್ಯಾಂಕಿನವರು ಜಂಟಿ ಸಾಲಗಾರನಾದ ತಂದೆಯನ್ನು ಕೇಳುತ್ತಾರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ತಂದೆಗೆ ಆ ಭಾರವೂ ಸೇರುತ್ತದೆ.

ಹಾಗಾದರೆ ಓದಬಾರದೇ?

ಓದಬೇಕು, ಸಾಲ ಇಳಿಸಿ ಓದಬೇಕು.

1. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜು ಅಥವಾ ಕೋರ್ಸಿಗೆ ನ್ಯಾಕ್ ಇಲ್ಲವೇ ಎನ್‌ಬಿಎ ಮಾನ್ಯತೆ ಇದ್ದರೆ, ಕೇಂದ್ರದ ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಿ. ಮಂಜೂರಾದರೆ ಕಂತಿಲ್ಲದ ಅವಧಿಯ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ಮೇಲಿನ ಲೆಕ್ಕದಲ್ಲಿ ಸಾಲ 4 ಲಕ್ಷಕ್ಕೇ ನಿಂತು, ಕಂತು 5,286 ಆಗುತ್ತದೆ. ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ.

2. ಸಿಇಟಿ ಮೂಲಕ ಸೀಟು ಸಿಕ್ಕವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವನ್ನು ಮೊದಲು ವಿಚಾರಿಸಿ.

3. ದಾರಿ ಒಂದೇ ಅಲ್ಲ. ಮೈಸೂರಿನ ಎಸ್‌ಜೆಸಿಇಯಲ್ಲಿ ಪರಿಸರ ಇಂಜಿನಿಯರಿಂಗ್ ಬಿ.ಇ. ಇದೆ. ಅಷ್ಟು ದೂರದ ಖರ್ಚು ಆಗದವರು ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಬಹುದು, ಮನೆಯಿಂದಲೇ ಓಡಾಡಬಹುದು. ಆಮೇಲೆ ಗೇಟ್ ಪರೀಕ್ಷೆ ಬರೆಯಿರಿ. 2021ರಿಂದ ಅದರಲ್ಲಿ ಪರಿಸರ ವಿಜ್ಞಾನ ಮತ್ತು ಇಂಜಿನಿಯರಿಂಗ್ ಬೇರೆ ಪತ್ರಿಕೆಯೇ ಇದೆ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದವರಿಗೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ. ಸಿವಿಲ್ ಪದವಿ ಇದ್ದರೆ ಬೇರೆ ಕೆಲಸಗಳ ಬಾಗಿಲೂ ತೆರೆದಿರುತ್ತದೆ.

ಇನ್ನೊಂದು ಮಾತು. ಬಡ್ಡಿಯ ಬಗ್ಗೆ ಅಳುಕು ಇರುವ ಮನೆಗಳು ನಮ್ಮಲ್ಲಿ ಬಹಳ. ಆ ಪ್ರಶ್ನೆಯನ್ನು ಆಲಿಮರಲ್ಲಿ ಕೇಳಿ ತಿಳಿಯಿರಿ. ಆದರೆ ಬ್ಯಾಂಕು ಬೇಡವೆಂದು ನೂರಕ್ಕೆ ತಿಂಗಳಿಗೆ 3 ರೂಪಾಯಿಯ ಕೈಸಾಲಕ್ಕೆ ಹೋಗಬೇಡಿ. ಅದು ವರ್ಷಕ್ಕೆ ಶೇ. 36, ಅದೂ ಬಡ್ಡಿಯೇ, ಮೂರೂವರೆ ಪಟ್ಟು ಹೆಚ್ಚಿನ ಬಡ್ಡಿ.

ಈ ವರ್ಷ ಅರ್ಜಿಯ ಜೊತೆಗೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ತನ್ನಿ: ಕೋರ್ಸಿನ ಒಟ್ಟು ಖರ್ಚು, ಬೇಕಾದ ಸಾಲ, ಬರುವ ತಿಂಗಳ ಕಂತು, ಅದೇ ಕೋರ್ಸು ಮುಗಿಸಿದ ಇಬ್ಬರನ್ನು ಕೇಳಿ ತಿಳಿದ ಮೊದಲ ಸಂಬಳ. ಮಗ ಅಥವಾ ಮಗಳು, ತಂದೆ ತಾಯಿ ಜೊತೆಗೆ ಕುಳಿತು ಬರೆಯಿರಿ. ಲೆಕ್ಕ ತಪ್ಪಿದ್ದರೆ ಅರ್ಜಿ ತಿರಸ್ಕರಿಸುವುದಿಲ್ಲ. ನಾವೂ ಕುಳಿತು ಸರಿಮಾಡಿಕೊಡುತ್ತೇವೆ. ಸಾಲಕ್ಕೆ ಸಹಿ ಹಾಕುವ ಮೊದಲು ಬನ್ನಿ, ಹಾಕಿದ ಮೇಲೆ ಅಲ್ಲ.