ಒಂದೇ ಲೆಕ್ಕಕ್ಕೆ ಎರಡು ಉತ್ತರ

1957ನೆಯ ಇಸವಿ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ಹೊಸ ನಾಣ್ಯಪದ್ಧತಿ ಜಾರಿಗೆ ಬಂದುದನ್ನು ಈ ಸಂಚಿಕೆಯನ್ನೋದುವ ಹಿರಿಯರಲ್ಲಿ ಕೆಲವರಾದರೂ ಬಲ್ಲರು. ರೂಪಾಯಿಗೆ 16 ಆಣೆಯಿದ್ದುದು ಹೋಗಿ 100 ನಯಾ ಪೈಸೆಯಾಯಿತು. ನಾಲ್ಕಾಣೆಗೆ 25, ಎಂಟಾಣೆಗೆ 50 ಎಂದು ಸರಿಹೋಯಿತು. ಆದರೆ ಒಂದಾಣೆಗೆ ಸಲ್ಲತಕ್ಕದ್ದು ಆರೂಕಾಲು ಪೈಸೆ. ಕಾಲು ಪೈಸೆಗೆ ನಾಣ್ಯವೆಲ್ಲಿಯದು? ಒಂದಾಣೆಯ ಸೊಪ್ಪಿಗೆ 6 ಪೈಸೆ ಕೊಟ್ಟರೆ ಮಾರುವವಳಿಗೆ ನಷ್ಟ, 7 ಕೊಟ್ಟರೆ ಕೊಳ್ಳುವವಳಿಗೆ ನಷ್ಟ. ಹಳೆಯ ಪದ್ಧತಿಯೂ ಹೊಸ ಪದ್ಧತಿಯೂ ಕೆಲವು ಕಾಲ ಜೊತೆಯಾಗಿ ನಡೆಯಬೇಕಾದಾಗ ಇಂಥ ತೊಡಕುಗಳು ಹುಟ್ಟುವುವು. ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಭಾಷೆಗಳಲ್ಲಿಯೂ ಇದೇ ಸಂಗತಿಯುಂಟು. ಅದನ್ನು ಒಂದು ಭಾಷೆಯ ಉದಾಹರಣೆಯಿಂದ ಇಲ್ಲಿ ವಿಚಾರಿಸುವೆವು.

ಆ ಭಾಷೆಯ ಹೆಸರು ಪೈಥಾನ್. (ಹೆಸರು ಹೆಬ್ಬಾವಿನಿಂದ ಬಂದುದಲ್ಲ, ಬಿ.ಬಿ.ಸಿ.ಯವರ ಒಂದು ಹಾಸ್ಯ ಕಾರ್ಯಕ್ರಮದಿಂದ ಬಂದುದು.) ಹಾಲೆಂಡ್ ದೇಶದ ಗೀಡೋ ವಾನ್ ರೋಸಮ್ ಎಂಬವರು 1991ರಲ್ಲಿ ಇದನ್ನು ಲೋಕಕ್ಕೆ ಕೊಟ್ಟರು. 2008ನೆಯ ಡಿಸೆಂಬರಿನಲ್ಲಿ ಇದರ ಮೂರನೆಯ ಆವೃತ್ತಿ ಹೊರಟಿತು. ಎರಡನೆಯ ಆವೃತ್ತಿಯಲ್ಲಿದ್ದ ಹಳೆಯ ತಪ್ಪುಗಳನ್ನು ತಿದ್ದಬೇಕೆಂದು, ಹಳೆಯ ಬರಹ ಹೊಸದರಲ್ಲಿ ನಡೆಯದಿದ್ದರೂ ಚಿಂತೆಯಿಲ್ಲವೆಂದು, ಕರ್ತೃಗಳು ತಿಳಿದೇ ಈ ಕೆಲಸವನ್ನು ಮಾಡಿದರು. ಹಳೆಯದಕ್ಕೆ ದೊರಕುತ್ತಿದ್ದ ಪೋಷಣೆ 2020ನೆಯ ಜನವರಿ 1ರಂದು ನಿಂತುಹೋಯಿತು. ನಡುವಣ ಹನ್ನೊಂದು ವರುಷ ಎರಡೂ ಜೊತೆಯಾಗಿಯೇ ನಡೆದುವು.

ಮುದ್ರಿಸೆಂಬ ಆಜ್ಞೆಗೆ ಹಳೆಯದರಲ್ಲಿ ಆವರಣಚಿಹ್ನೆ ಬೇಕಿರಲಿಲ್ಲ, ಹೊಸದರಲ್ಲಿ ಬೇಕು. ಇದನ್ನು ಮರೆತರೆ ಯಂತ್ರವು ಕೂಡಲೇ ಮುಷ್ಕರ ಹೂಡಿ ತಪ್ಪಿನ ಪಂಕ್ತಿಯನ್ನು ತೋರಿಸಿಕೊಡುವುದು. ಇಂಥ ತಪ್ಪಿಗೆ ಯಾರೂ ಅಂಜಬೇಕಾಗಿಲ್ಲ. ಯಂತ್ರವು ನಿಲ್ಲದೆ, ಗದರಿಸದೆ, ಮೊದಲಿಗಿಂತ ಬೇರೆಯಾದ ಉತ್ತರವನ್ನು ಕೊಟ್ಟುಬಿಡುವ ಸ್ಥಳಗಳೇ ಭಯಂಕರವಾದುವು.

ಶಾಲೆಯೊಂದರಲ್ಲಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕೆಂದೂ, ಅರ್ಧ ಬಂದಲ್ಲಿ ಮೇಲಿನ ಪೂರ್ಣಾಂಕಕ್ಕೆ ಏರಿಸುವ ವಾಡಿಕೆ ಅಲ್ಲುಂಟೆಂದೂ ಭಾವಿಸೋಣ. ಒಬ್ಬ ಹುಡುಗಿ 200 ದಿನಗಳಲ್ಲಿ 149 ದಿನ ಬಂದಿರುವಳು. 149ನ್ನು 100ರಿಂದ ಗುಣಿಸಿ 200ರಿಂದ ಭಾಗಿಸಿದರೆ ಹೊಸ ಆವೃತ್ತಿ 74.5 ಎನ್ನುವುದು. ಹಳೆಯದಾದರೋ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಶೇಷವನ್ನು ಬಿಟ್ಟು 74 ಎಂದಷ್ಟೇ ಹೇಳುತ್ತಿದ್ದಿತು. ದಶಾಂಶವನ್ನು ಕೇಳಿ ಪಡೆದು 74.5ನ್ನು ಪೂರ್ಣಾಂಕಕ್ಕೆ ತಿರುಗಿಸೆಂದರೆ ಹಳೆಯದು 75 ಎನ್ನುವುದು, ಹೊಸದು 74 ಎನ್ನುವುದು! ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಸರಿಯುವುದು ಹೊಸದರ ನಿಯಮ. ಯಾವಾಗಲೂ ಮೇಲಕ್ಕೇ ಏರಿಸಿದರೆ ದೊಡ್ಡ ಮೊತ್ತಗಳಲ್ಲಿ ಲೆಕ್ಕ ಉಬ್ಬುವುದಾದ್ದರಿಂದ ಈ ನಿಯಮ ಅವಿವೇಕದ್ದಲ್ಲ. ಆದರೆ ಬರೆದ ಆಜ್ಞೆಯಲ್ಲಿ ಒಂದಕ್ಷರವೂ ಬದಲಾಗದೆ, ಯಂತ್ರದೊಳಗಿನ ಆವೃತ್ತಿ ಬದಲಾದ ಮಾತ್ರಕ್ಕೆ, ಹುಡುಗಿ ಪರೀಕ್ಷೆಯ ಬಾಗಿಲಿನಿಂದ ಹಿಂದಿರುಗಬೇಕಾಗುವುದು.

ಪರಿಹಾರವೇನೆಂದರೆ, ಶಾಲೆಯ ವಾಡಿಕೆಯನ್ನು ಭಾಷೆಯ ಮರ್ಜಿಗೆ ಬಿಡದೆ ನಾವೇ ಬಿಡಿಸಿ ಬರೆಯುವುದು. ಬಂದ ದಿನಗಳನ್ನು 200ರಿಂದ ಗುಣಿಸಿ, ಅದಕ್ಕೆ ಒಟ್ಟು ದಿನಗಳನ್ನು ಕೂಡಿಸಿ, ಒಟ್ಟು ದಿನಗಳ ಇಮ್ಮಡಿಯಿಂದ ಭಾಗಿಸಿ ಶೇಷವನ್ನು ಬಿಡಬೇಕು. 149ರ 200 ಪಟ್ಟು 29800. 200 ಕೂಡಿದರೆ 30000. 400ರಿಂದ ಭಾಗಿಸಿದರೆ 75. ಶೇಷ ಬಿಡುವ ಭಾಗಾಕಾರಕ್ಕೆ // ಎಂಬ ಜೋಡಿ ಓರೆಗೆರೆಯ ಗುರುತು ಎರಡು ಆವೃತ್ತಿಗಳಲ್ಲಿಯೂ ಉಂಟು. ಮೊದಲಿನಿಂದ ಕೊನೆಯವರೆಗೆ ಪೂರ್ಣಾಂಕಗಳೇ ಆದಕಾರಣ ಉತ್ತರವು ಎಲ್ಲಿಯೂ ಭೇದಿಸದು.

ಇನ್ನು ಅಕ್ಷರಗಳ ಪ್ರಕರಣ. ಇಲ್ಲಿ ಕನ್ನಡಿಗರಿಗೆ ವಿಶೇಷವಾದ ಎಚ್ಚರಿಕೆ ಬೇಕು. ಯೂನಿಕೋಡಿನಲ್ಲಿ ‘ಕೋಲಾರ’ ಎಂಬುದಕ್ಕೆ ಐದು ಸಂಕೇತಗಳು: ಕ, ಓಕಾರದ ಗುರುತು, ಲ, ಆಕಾರದ ಗುರುತು, ರ. ಕಡತಗಳಲ್ಲಿ ಸಾಮಾನ್ಯವಾಗಿ ಬಳಸುವ ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟುಗಳ ಸ್ಥಳವನ್ನು ಹಿಡಿಯುವುದು. ಹೆಸರಿನ ಉದ್ದವೆಷ್ಟೆಂದು ಕೇಳಿದರೆ ಹೊಸ ಆವೃತ್ತಿ ಸಂಕೇತಗಳನ್ನೆಣಿಸಿ 5 ಎನ್ನುವುದು. ಹಳೆಯದು ಸಾಧಾರಣವಾಗಿ ಬೈಟುಗಳನ್ನೆಣಿಸಿ 15 ಎನ್ನುತ್ತಿದ್ದಿತು. (ನಮ್ಮ ಬಾಲಬೋಧೆಯ ಮಕ್ಕಳು ಮೂರೇ ಅಕ್ಷರವೆನ್ನುವರು, ಅವರ ಮಾತೂ ಸರಿಯೇ.) ಇದರಂತೆ ಮಾಲೂರು 6 ಹಾಗೂ 18, ಮುಳಬಾಗಿಲು 9 ಹಾಗೂ 27, ಶ್ರೀನಿವಾಸಪುರ 12 ಹಾಗೂ 36. ದಾಖಲೆಯಲ್ಲಿ ಊರಿನ ಹೆಸರನ್ನು 20ಕ್ಕೆ ಕತ್ತರಿಸೆಂದು ಆಜ್ಞೆಯಿದ್ದರೆ ಹೊಸದರಲ್ಲಿ ನಾಲ್ಕೂ ಹೆಸರುಗಳು ಪೂರ್ತಿಯಾಗಿ ಉಳಿಯುವುವು. ಹಳೆಯದರಲ್ಲಿ ಕೋಲಾರವೂ ಮಾಲೂರೂ ಉಳಿದು, ಮುಳಬಾಗಿಲು ‘ಮುಳಬಾಗ’ ಎಂದಾಗಿ, ಶ್ರೀನಿವಾಸಪುರ ‘ಶ್ರೀನಿ’ ಎಂದಾಗಿ, ಎರಡರ ಬಾಲದಲ್ಲಿಯೂ ಓದಲಾಗದ ತುಣುಕೊಂದು ಸೇರಿಕೊಳ್ಳುವುದು. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟು ಸಾಕಾದ್ದರಿಂದ ಆ ಹೆಸರುಗಳಲ್ಲಿ ಈ ದೋಷ ಕಾಣಿಸಿಕೊಳ್ಳದು.

ಎರಡಕ್ಕೂ ಹೊಂದುವಂತೆ ಬರೆಯುವವರು ಕಡತದಿಂದ ಓದಿದೊಡನೆ ಬೈಟುಗಳನ್ನು ಯೂನಿಕೋಡ್ ಸಂಕೇತಗಳಾಗಿ ಬಿಡಿಸಿಕೊಂಡು, ಕೆಲಸವನ್ನೆಲ್ಲ ಅವುಗಳಲ್ಲಿಯೇ ಮಾಡಿ, ಬರೆದಿಡುವಾಗ ಮತ್ತೆ ಬೈಟುಗಳಾಗಿ ಮಾಡುವರು. ಯೂನಿಕೋಡೆಂದು ತಿಳಿಸಲು ಉದ್ಧರಣಚಿಹ್ನೆಯ ಮುಂದೆ ಹಾಕುತ್ತಿದ್ದ ‘ಯು’ ಅಕ್ಷರವನ್ನು ಮೂರನೆಯ ಆವೃತ್ತಿಯ ಕರ್ತೃಗಳು ಮೊದಲು ತೆಗೆದುಹಾಕಿದ್ದರು. ಹಳೆಯದನ್ನೂ ನಡೆಸಬೇಕಾದವರಿಗೆ ಇದು ಬಹು ಕಷ್ಟವಾದುದರಿಂದ 2012ರಲ್ಲಿ, 3.3ರಲ್ಲಿ, ಅದನ್ನು ಹಿಂದಕ್ಕೆ ತಂದರು. ಹೀಗೆ ಹಿಂದೆ ತಂದುದು ದೊಡ್ಡತನವೆಂದೇ ನಮ್ಮ ಅಭಿಪ್ರಾಯ. ಎರಡರ ಭೇದಗಳನ್ನು ಮರೆಮಾಡುವ ಒಂದು ಉಪಕರಣಕ್ಕೆ ‘ಸಿಕ್ಸ್’, ಎಂದರೆ ಆರು, ಎಂದು ಹೆಸರಿಟ್ಟಿರುವರು. ಎರಡು ಮೂರಲೆ ಆರು ಎಂಬುದೇ ಅದರ ಅರ್ಥ.

ಎರಡನೆಯ ಆವೃತ್ತಿಯ ಕಾಲ ಮುಗಿದರೂ ಈ ಪಾಠ ಹಳತಾಗಿಲ್ಲ. ಹಳೆಯ ಬರಹವನ್ನು ಹೊಸದಕ್ಕೆ ತಿರುಗಿಸಿಕೊಡಲು ಭಾಷೆಯ ಜೊತೆಯಲ್ಲಿಯೇ ಬರುತ್ತಿದ್ದ ಸಾಧನವನ್ನು 2024ರಲ್ಲಿ, 3.13ರಲ್ಲಿ, ತೆಗೆದುಬಿಟ್ಟರು. ಆದಕಾರಣ ಆವೃತ್ತಿ ಬದಲಿಸುವ ಮುನ್ನ ಕೆಲವು ಲೆಕ್ಕಗಳ ಉತ್ತರವನ್ನು ಕೈಯಿಂದಲೇ ಮಾಡಿ ಕಾಗದದಲ್ಲಿ ಬರೆದಿಟ್ಟುಕೊಂಡು, ಎರಡು ಆವೃತ್ತಿಗಳಲ್ಲಿಯೂ ನಡೆಸಿ ಹೋಲಿಸತಕ್ಕದ್ದು. ಲೆಕ್ಕಗಳನ್ನು ಆರಿಸುವುದರಲ್ಲಿಯೂ ಜಾಣತನ ಬೇಕು. ಓದುಗರು 200ರಲ್ಲಿ 151 ದಿನ ಬಂದವಳ ಲೆಕ್ಕವನ್ನು ಮಾಡಿ ನೋಡಲಿ. ಉತ್ತರ 75.5; ಹಳೆಯದು ಮೇಲಕ್ಕೇರಿಸಿ 76 ಎನ್ನುವುದು, ಹೊಸದು ಸಮಸಂಖ್ಯೆಯನ್ನರಸಿ ಅದೇ 76 ಎನ್ನುವುದು. ಇವಳೊಬ್ಬಳ ಲೆಕ್ಕದಿಂದಲೇ ಪರೀಕ್ಷಿಸಿ ಎಲ್ಲವೂ ಸರಿಯೆಂದವರಿಗೆ 149 ದಿನ ಬಂದವಳು ಕಾಣಿಸುವುದೇ ಇಲ್ಲ.