ಒಂದು ಪಾತ್ರೆ ಸಾರು, ಎಷ್ಟು ಹೆಜ್ಜೆ?

ಮಕ್ಕಳೇ, ಈ ಪಾಠಕ್ಕೆ ಒಂದು ಪೆನ್ಸಿಲ್, ಚೌಕದ ಗೆರೆ ಇರುವ ಒಂದು ಹಾಳೆ, ಮತ್ತೆ ಅಡುಗೆ ಮಾಡುವವರು ಒಬ್ಬರು ಬೇಕು. ಹಾಳೆಯ ಮೇಲೆ ನಿಮ್ಮ ಅಡುಗೆಮನೆಯ ನಕ್ಷೆ ಬರೆಯಿರಿ. ಫ್ರಿಜ್, ಸಿಂಕ್, ಒಲೆ, ಅಕ್ಕಿ-ಬೇಳೆ ಇಡುವ ಕಪಾಟು, ಮಿಕ್ಸಿ, ಕಸದ ಬುಟ್ಟಿ ಎಲ್ಲೆಲ್ಲಿವೆ ಅಂತ ಗುರುತು ಹಾಕಿ. ಆಮೇಲೆ ಅಮ್ಮನೋ ಅಪ್ಪನೋ ಅಜ್ಜಿಯೋ ಸಾರು ಮಾಡುವಾಗ ದೂರದಲ್ಲಿ ಕೂತು, ಅವರು ಹೋದ ಕಡೆಗೆಲ್ಲ ಪೆನ್ಸಿಲ್ ಓಡಿಸಿ.

ಸಾರು ಕುದಿಯೋ ಹೊತ್ತಿಗೆ ಹಾಳೆ ಜೇಡರ ಬಲೆಯ ಹಾಗೆ ಆಗಿರುತ್ತೆ. ಗೆರೆಗಳು ದಟ್ಟವಾಗಿರುವ ಕಡೆ ಕೆಲಸ ಹೆಚ್ಚು. ಉದ್ದದ ಗೆರೆ ಮತ್ತೆ ಮತ್ತೆ ಬಂದಿದ್ದರೆ, ಯಾವುದೋ ವಸ್ತು ಸರಿಯಾದ ಜಾಗದಲ್ಲಿ ಇಲ್ಲ ಅಂತ ಅರ್ಥ.

ಹೀಗೆ ಅಳೆದು ನೋಡಿದವರು ಹಿಂದೆಯೂ ಇದ್ದರು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದವರು ಸಾವಿರಾರು ಚಿಕ್ಕ ಮನೆಗಳನ್ನು ಕಟ್ಟಿಸುತ್ತಿದ್ದರು. ಅವುಗಳ ಅಡುಗೆಮನೆ ಹೇಗಿರಬೇಕು ಅಂತ ಯೋಚಿಸಿದವರು ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ. ಒಂದೊಂದು ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಓಡಾಟ ಅಂತ ಲೆಕ್ಕ ಹಾಕಿ, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದಲ್ಲಿ ಎಲ್ಲವನ್ನೂ ಕೂರಿಸಿದರು. ಅಕ್ಕಿ, ಸಕ್ಕರೆಗೆಲ್ಲ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು ಕೈಗೆ ಸಿಗುವ ಹಾಗೆ ಸಾಲಾಗಿ ಇದ್ದವು. ನಮ್ಮ ಸಾಂಬಾರ ಡಬ್ಬಿಯ ದೊಡ್ಡಕ್ಕ ಅನ್ನಿ! ಅಂಥ ಸುಮಾರು 10,000 ಅಡುಗೆಮನೆಗಳು ತಯಾರಾದವು. ತಮಾಷೆ ಅಂದ್ರೆ, ಅದಕ್ಕೆ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಆಕೆಯೇ ಹೇಳಿಕೊಂಡಿದ್ದಾರೆ.

ಮುಂದೆ 1940ರ ದಶಕದಲ್ಲಿ ಅಮೆರಿಕದಲ್ಲಿ ತ್ರಿಕೋನದ ಲೆಕ್ಕ ಬಂತು. ಫ್ರಿಜ್, ಸಿಂಕ್, ಒಲೆ ಈ ಮೂರನ್ನೂ ಗೆರೆಯಿಂದ ಸೇರಿಸಿದರೆ ಒಂದೊಂದು ಬದಿ 1.2ರಿಂದ 2.7 ಮೀಟರ್ ಒಳಗೆ ಇರಬೇಕು ಅಂತ. ಇವತ್ತಿಗೂ ಅಡುಗೆಮನೆ ಮಾಡಿಕೊಡುವವರು ಇದನ್ನೇ ಹೇಳ್ತಾರೆ. ಆದರೆ ನನ್ನ ಮಟ್ಟಿಗೆ ನಮ್ಮ ಅಡುಗೆಗೆ ಮೂರು ಮೂಲೆ ಸಾಲದು. ರುಬ್ಬುವ ಜಾಗ ಎಲ್ಲಿ? ಹಿಂದಿನ ಮನೆಗಳಲ್ಲಿ ಒರಳುಕಲ್ಲಿಗೆ ಅದರದ್ದೇ ಆದ ಮೂಲೆ ಇರುತ್ತಿತ್ತು. ಇಲ್ಲಿ ಗ್ರೈಂಡರ್ ಮೇಲಿನ ಕಪಾಟಿನಲ್ಲಿ ಕೂತಿರುತ್ತೆ, ದೋಸೆ ಹಿಟ್ಟಿಗೆ ಅಕ್ಕಿ ನೆನೆಸಿದಾಗಲೆಲ್ಲ ಅದನ್ನು ಇಳಿಸಬೇಕು. ಕಲ್ಲಿರುವ ಯಂತ್ರ, ಸೊಂಟ ಹಿಡಿದೀತು! ಸಿಂಕಿಗೆ ಹತ್ತಿರ, ಆದರೆ ನೀರು ಸಿಡಿಯದ ಕಡೆ, ಪವರ್ ಪಾಯಿಂಟ್ ಸಮೇತ ಅದಕ್ಕೆ ಕಾಯಂ ಜಾಗ ಕೊಡಿ. ಇಲ್ಲಿನ ಕಟ್ಟೆ ಸಾಮಾನ್ಯವಾಗಿ 90 ಸೆಂಟಿಮೀಟರ್ ಎತ್ತರ. ಗ್ರೈಂಡರಿಗೆ ಅದಕ್ಕಿಂತ ತಗ್ಗಾಗಿದ್ದರೆ ಒಳ್ಳೇದು. ಪರ್ತ್‌ನ ಹೊಸ ಮನೆಗಳಲ್ಲಿ ಅಡುಗೆಮನೆಯ ಹಿಂದೆ ಸ್ಕಲರಿ ಅಂತ ಪುಟ್ಟ ಕೋಣೆ ಕೊಡ್ತಾರಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದ ಜಾಗ.

ಇನ್ನು ಒಗ್ಗರಣೆ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟು ಎದ್ದ ಕೂಡಲೇ ಸ್ಮೋಕ್ ಅಲಾರಂ ಕೂಗುವ ಮನೆ ಎಷ್ಟಿಲ್ಲ! ರೇಂಜ್‌ಹುಡ್‌ನಲ್ಲಿ ಎರಡು ಬಗೆ. ಒಂದು ಕೊಳವೆಯ ಮೂಲಕ ಹೊಗೆಯನ್ನು ಹೊರಗೆ ಕಳಿಸುತ್ತೆ. ಇನ್ನೊಂದು ಸೋಸಿದ ಹಾಗೆ ಮಾಡಿ ಗಾಳಿಯನ್ನು ಮತ್ತೆ ಮನೆಯೊಳಗೇ ಬಿಡುತ್ತೆ. ನಮಗೆ ಮೊದಲನೆಯದೇ ಸರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡದವರು ಹಳ್ಳಿಗಳಿಗಾಗಿ ಅಸ್ತ್ರ ಒಲೆ ಮಾಡಿದಾಗಲೂ ಹೊಗೆ ಕೊಳವೆಯನ್ನು ಒಲೆಗೇ ಸೇರಿಸಿದ್ದರು. ಸೌದೆಯೂ ಉಳೀತು, ಅಡುಗೆ ಮಾಡುವವರ ಕಣ್ಣೂ ಉಳೀತು.

ಹೊಸ ಮನೆಯ ನಕ್ಷೆ ನೋಡುತ್ತಿರುವ ಅಪ್ಪ-ಅಮ್ಮಂದಿರೇ, ದಿಕ್ಕನ್ನೂ ಗಮನಿಸಿ. ಊರಿನಲ್ಲಿ ಸೂರ್ಯ ವರ್ಷದ ಬಹುಪಾಲು ದಕ್ಷಿಣಕ್ಕೆ ವಾಲಿ ಸಾಗ್ತಾನೆ, ಇಲ್ಲಿ ಉತ್ತರಕ್ಕೆ. ಉತ್ತರದ ಕಿಟಕಿಯಿಂದ ಚಳಿಗಾಲದಲ್ಲಿ ಹಿತವಾದ ಬಿಸಿಲು. ಪಶ್ಚಿಮದ ಕಿಟಕಿ ಮಾತ್ರ ಬೇಸಿಗೆಯ ಸಂಜೆ ಅಡುಗೆಯ ಹೊತ್ತಿಗೇ ಕಾಯುತ್ತೆ. 2019ರ ಜನವರಿ 24ರಂದು ಅಡಿಲೇಡ್‌ನಲ್ಲಿ 46.6 ಡಿಗ್ರಿ ಇತ್ತು. ಅವತ್ತು ಅಲ್ಲಿ ನಿಂತು ಚಪಾತಿ ಬೇಯಿಸೋದನ್ನು ಊಹಿಸಿಕೊಳ್ಳಿ! ಬ್ರಿಸ್ಬೇನ್‌ನ ಹಳೆಯ ಮರದ ಮನೆಗಳಲ್ಲಿ ಎಷ್ಟೋ ಕಡೆ ಅಡುಗೆಮನೆ ಹಿಂಬದಿಯಲ್ಲಿ, ಕೆಲವೊಮ್ಮೆ ಬೇರೆಯಾಗಿಯೇ ಇರುತ್ತಿತ್ತು. ಸೆಕೆ, ಬೆಂಕಿ ಎರಡೂ ದೂರ ಇರಲಿ ಅಂತ.

ಎಲ್ಲಕ್ಕಿಂತ ಮುಖ್ಯವಾದದ್ದು ಒಲೆಯಿಂದ ಸಿಂಕಿಗೆ ಹೋಗುವ ದಾರಿ. ಗಂಜಿ ಬಸಿಯಲು ಕುದಿಯುವ ಪಾತ್ರೆ ಹಿಡಿದು ಹೋಗುವುದು ಆ ದಾರಿಯಲ್ಲೇ. ಹಿತ್ತಿಲ ಬಾಗಿಲಿಗೆ ಓಡುವ ಮಕ್ಕಳ ದಾರಿಯೂ ಅದೇ ಆಗಿದ್ದರೆ ಒಂದು ದಿನ ಡಿಕ್ಕಿ ಹೊಡೆಯೋದು ಖಂಡಿತ. ನಕ್ಷೆಯ ಮೇಲೆ ಬೇರೆ ಬಣ್ಣದಲ್ಲಿ ಮಕ್ಕಳ ಓಡಾಟದ ಗೆರೆ ಎಳೆಯಿರಿ. ಎರಡು ಗೆರೆ ಕೂಡಿದರೆ, ಬಿಲ್ಡರ್ ಕಾಗದಕ್ಕೆ ಸಹಿ ಹಾಕುವ ಮೊದಲೇ ಸಿಂಕನ್ನು ಸರಿಸಿ. ಆಗ ಬರೀ ಗೆರೆ ಅಳಿಸಿದರೆ ಸಾಕು. ಗೋಡೆ ಎದ್ದ ಮೇಲೆ ಪ್ಲಂಬರ್, ಎಲೆಕ್ಟ್ರಿಷಿಯನ್ ಇಬ್ಬರನ್ನೂ ಕರೆಸಬೇಕು.

ಬಾಡಿಗೆ ಮನೆಯಲ್ಲಿ ಸಿಂಕ್ ಸರಿಸೋಕಾಗಲ್ಲ, ನಿಜ. ಆದರೆ ಡಬ್ಬಗಳು ನಮ್ಮವೇ ತಾನೆ? ಸಾಂಬಾರ ಡಬ್ಬಿ, ಎಣ್ಣೆ, ಉಪ್ಪು, ಸೌಟು ಒಲೆಯಿಂದ ಒಂದು ಕೈಯಳತೆಯಲ್ಲಿ ಇರಲಿ. ಮಕ್ಕಳ ತಟ್ಟೆ-ಲೋಟ ಒಲೆಯಿಂದ ದೂರದ ಕೆಳಗಿನ ಡ್ರಾಯರಿನಲ್ಲಿ ಇರಲಿ. ಆಗ ಊಟದ ಹೊತ್ತಿಗೆ ಮಕ್ಕಳೇ, ತಟ್ಟೆ ಹಾಕುವ ಕೆಲಸ ನಿಮ್ಮದು.